ಮಲೆಸೀಮೆಯ ಒಂದು ಚಿಕ್ಕ ಬೀಜಸಂಘವೂ ಕಾಲುವೆಯ ಕೊನೆಯ ರೈತನೂ

ಹೊಳೆಯ ಕೊನೆಯಲ್ಲಿ ವಾಸಿಸುವವರು ಅದರ ಹುಟ್ಟನ್ನು ಕುರಿತು ಆಲೋಚಿಸುವುದು ಅಪೂರ್ವ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯು ತುಂಗಭದ್ರೆಯ ದಡದ ಗ್ರಾಮ; ಹರಿದಾಸರಲ್ಲಿ ಪ್ರಖ್ಯಾತರಾದ ವಿಜಯದಾಸರು ೧೬೮೨ರಲ್ಲಿ ಜನಿಸಿದ ಸ್ಥಳವೆಂದು ಇದನ್ನು ನಾಡಿನವರೆಲ್ಲರೂ ಬಲ್ಲರು. ಆ ಕಡೆಯ ರೈತರನ್ನು “ನಿಮ್ಮ ಸೀಮೆಗೆ ನೀರು ಎಲ್ಲಿಂದ ಬರುತ್ತದೆ?” ಎಂದು ಕೇಳಿದರೆ, “ಡ್ಯಾಮಿನಿಂದ” ಎಂಬ ಉತ್ತರವೇ ದೊರೆಯುವುದು. ಉತ್ತರವು ಸುಳ್ಳಲ್ಲ, ಆದರೆ ಅರ್ಧ ಮಾತ್ರವೇ ನಿಜ. ಜಲಾಶಯವು ನೀರನ್ನು ಹುಟ್ಟಿಸುವುದಿಲ್ಲ, ಹಿಡಿದಿಡುತ್ತದೆ. ತುಂಗೆಯೂ ಭದ್ರೆಯೂ ಸಹ್ಯಾದ್ರಿಯ ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುತ್ತವೆ. ವರದೆಯು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹೊರಟು, ಸಿರಸಿ ತಾಲ್ಲೂಕಿನ ಬನವಾಸಿಯನ್ನು ಬಳಸಿಕೊಂಡು ಹೋಗಿ, ಗಳಗನಾಥದ ಬಳಿಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹೀಗಿರಲಾಗಿ ಬೆಟ್ಟದ ಮೇಲಿನವರ ಬಾಳಿನಲ್ಲಿ ಆಗುವ ಏರುಪೇರುಗಳು ನಮ್ಮ ಕಾಲುವೆಯ ಕೊನೆಯ ತೂಬಿಗೆ ಸಂಬಂಧಿಸದ ಸಂಗತಿಗಳೆಂದು ಭಾವಿಸುವುದು ಸರಿಯಲ್ಲ.

ಇದಕ್ಕೆ ದೂರದ ನಿದರ್ಶನವೇನೂ ಬೇಕಿಲ್ಲ. ಭದ್ರೆಯ ಮೂಲಪ್ರದೇಶದ ಕುದುರೆಮುಖದಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಯು ಹೊಳೆಗೆ ಹೂಳನ್ನು ತುಂಬುತ್ತಿದೆಯೆಂದು ಬಹುಕಾಲ ವಾದವಿವಾದಗಳಾಗಿ, ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯ ಮೇರೆಗೆ ೨೦೦೫ರ ಅಂತ್ಯದಲ್ಲಿ ನಿಂತಿತು. ೧೯೪೫ರಲ್ಲಿ ಕೆಲಸವನ್ನು ಆರಂಭಿಸಿ ೧೯೫೩ರಲ್ಲಿ ಮುಗಿಸಿದ ತುಂಗಭದ್ರಾ ಜಲಾಶಯವು ಮೊದಲು ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದುದು, ಹೂಳಿನಿಂದಾಗಿ ಈಗ ಸುಮಾರು ೧೦೫ ಟಿ.ಎಂ.ಸಿ.ಗೆ ಇಳಿದಿದೆ. ಆ ಮಣ್ಣೆಲ್ಲವೂ ಬೆಟ್ಟದ್ದೇ ಎಂದು ನಾನು ಹೇಳುವುದಿಲ್ಲ. ನಡುನಾಡಿನ ಹೊಲಗಳ ಮೇಲ್ಮಣ್ಣೂ ಅದರಲ್ಲಿ ಸಾಕಷ್ಟಿದೆ. ಆದರೂ ಮೇಲಿನವರು ಕಳೆದುಕೊಂಡ ಮಣ್ಣು ಕೆಳಗಿನವರು ಕಳೆದುಕೊಂಡ ನೀರಾಗುತ್ತದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುವುದು.

ಈಚೆಗೆ ಮಳೆಯ ನಡತೆಯೂ ಬದಲಾಗಿದೆ. ಪಂಚಾಂಗದಲ್ಲಿ ರೋಹಿಣಿ, ಮೃಗಶಿರಾ, ಆರಿದ್ರಾ ಎಂಬ ಹೆಸರುಗಳು ಹಿಂದಿದ್ದಂತೆಯೇ ಇವೆ. ಮಳೆ ಮಾತ್ರ ಆ ಹೆಸರುಗಳಿಗೆ ತಕ್ಕಂತೆ ನಡೆದುಕೊಳ್ಳುತ್ತಿಲ್ಲ. ಮಧ್ಯಭಾರತದ ೧೯೫೧ರಿಂದ ೨೦೦೦ದವರೆಗಿನ ಮಳೆಯ ಲೆಕ್ಕಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಸಾಧಾರಣ ಮಳೆಯ ದಿನಗಳು ಕಡಮೆಯಾಗುತ್ತ, ಒಮ್ಮೆಗೇ ಸುರಿಯುವ ಭಾರಿ ಮಳೆಗಳು ಹೆಚ್ಚುತ್ತಿರುವುವೆಂದು ೨೦೦೬ರಲ್ಲಿ ಪ್ರಕಟಿಸಿದರು. ನಮ್ಮ ಘಟ್ಟಗಳಲ್ಲಿಯೂ ಜನರ ಅನುಭವ ಹಾಗೆಯೇ ಇದೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ೨೦೨೧ರ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಅಡಿಕೆಯ ತೋಟಗಳೇ ಗುಡ್ಡದ ಮಣ್ಣಿನೊಡನೆ ಜಾರಿಹೋದವು. ಬಿಡುವಿಲ್ಲದ ಮಳೆಯಲ್ಲಿ ಕೊಳೆರೋಗವು ಬೋರ್ಡೋ ದ್ರಾವಣವನ್ನು ಸಿಂಪಡಿಸಲು ಸಹ ಸಮಯ ಕೊಡುವುದಿಲ್ಲ. ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ತೋಟಗಳನ್ನು ಹೊಕ್ಕಿದೆ. ಒಂದೇ ಬೆಳೆಯನ್ನು ನಂಬಿದ ಮನೆಗೆ ಇಂಥ ವರ್ಷದಲ್ಲಿ ಆಸರೆಯೆಲ್ಲಿ?

ಈ ಪ್ರಶ್ನೆಗೆ ಸಿರಸಿಯ ಕಡೆಯ ಕೆಲವು ಮಂದಿ ಸ್ತ್ರೀಯರು ಕೊಟ್ಟಿರುವ ಉತ್ತರವನ್ನು ನಮ್ಮ ಬಯಲುಸೀಮೆಯ ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ. ಅಲ್ಲಿ “ವನಸ್ತ್ರೀ” ಎಂಬ ಹೆಸರಿನ ಒಂದು ಚಿಕ್ಕ ಸಂಸ್ಥೆಯಿದೆ. ಶ್ರೀಮತಿ ಸುನೀತಾ ರಾವ್ ಅವರ ಮುಂದಾಳುತನದಲ್ಲಿ ೨೦೦೧ರಲ್ಲಿ ಇದು ಆರಂಭವಾಯಿತು. ಕಾಡಿನ ಅಂಚಿನ ಮನೆಗಳ ಹಿತ್ತಲಿನಲ್ಲಿ ಹೆಂಗಸರು ತಲೆತಲಾಂತರದಿಂದ ಉಳಿಸಿಕೊಂಡು ಬಂದಿರುವ ತರಕಾರಿ, ಗೆಡ್ಡೆ, ಸೊಪ್ಪು, ಹೂಗಳ ಬೀಜಗಳನ್ನು ಕಾಪಾಡುವುದು, ಒಬ್ಬರಿಂದೊಬ್ಬರಿಗೆ ಹಂಚುವುದು, ಹೆಚ್ಚಾದುದನ್ನು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ಮಾರಿ ಹಿತ್ತಲಿನ ಒಡತಿಗೆ ನಾಲ್ಕು ಕಾಸು ದೊರೆಯುವಂತೆ ಮಾಡುವುದು—ಇದೇ ಅದರ ಮುಖ್ಯ ಕೆಲಸ. “ಮಲೆನಾಡು ಮೇಳ”ವೆಂಬ ಹೆಸರಿನಲ್ಲಿ ಈ ಬೀಜಗಳನ್ನೂ ಮಲೆನಾಡಿನ ಅಡುಗೆಯ ಪದಾರ್ಥಗಳನ್ನೂ ಪಟ್ಟಣದವರಿಗೆ ಪರಿಚಯಮಾಡಿಸುವ ಸಂತೆಗಳನ್ನು ಸಹ ಇವರು ನಡೆಸಿರುತ್ತಾರೆ. ದೊಡ್ಡ ಕಟ್ಟಡವನ್ನಾಗಲಿ ಯಂತ್ರಗಳನ್ನಾಗಲಿ ಅವಲಂಬಿಸಿದ ಕೆಲಸ ಇದಲ್ಲ.

ಇದಕ್ಕೂ ಹವಾಗುಣದ ಮಾರ್ಪಾಡಿಗೂ ಏನು ಸಂಬಂಧವೆಂದು ಕೇಳುವವರುಂಟು. ಇಲಾಖೆಯ ಮಿತ್ರರೊಬ್ಬರು ನನ್ನೊಡನೆ ಮಾತನಾಡುತ್ತ, “ಹತ್ತು ಮನೆಯ ಹಿತ್ತಲಿನಲ್ಲಿ ಸೌತೆಬಳ್ಳಿ ಹಬ್ಬಿಸಿದರೆ ಲಕ್ಷಾಂತರ ಎಕರೆಯ ಕಷ್ಟ ಪರಿಹಾರವಾಗುವುದೇ?” ಎಂದು ನಕ್ಕರು. ನಗಲು ಅಡ್ಡಿಯಿಲ್ಲ. ಆದರೆ ಹಿತ್ತಲಿನ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಲೆನಾಡಿನ ಒಂದು ಒಳ್ಳೆಯ ಹಿತ್ತಲಿನಲ್ಲಿ ಮೊಗೆಕಾಯಿ, ಸೌತೆ, ಹೀರೆ, ಹಾಗಲ, ಅವರೆ, ಬದನೆ, ಬೆಂಡೆ, ಬಸಳೆ, ಕೆಸುವು, ಸುವರ್ಣಗೆಡ್ಡೆ ಮುಂತಾದುವೆಲ್ಲ ಒಟ್ಟಿಗೆ ಇರುತ್ತವೆ. ಅಷ್ಟಲ್ಲದೆ ಒಂದೇ ಸೌತೆಯಲ್ಲಿ, ಒಂದೇ ಬದನೆಯಲ್ಲಿ ಹಲವು ಬಗೆಗಳಿರುತ್ತವೆ. ಒಂದು ಬಗೆ ಬೇಗ ಹೂಬಿಡುವುದು, ಇನ್ನೊಂದು ತಡವಾಗಿ. ಒಂದು ಬೇರಿನ ಬಳಿ ನೀರು ನಿಂತರೂ ತಡೆಯುವುದು, ಇನ್ನೊಂದು ಹದಿನೈದು ದಿನ ಒಣಗಿದರೂ ಚೇತರಿಸಿಕೊಳ್ಳುವುದು. ಜೂನ್ ತಿಂಗಳಿನ ಮಳೆ ತಡೆದರೆ ಬೇಗನ ಬಗೆ ಕೆಡಬಹುದು. ಜುಲೈಯಲ್ಲಿ ಒಮ್ಮೆಗೇ ಸುರಿದರೆ ಹೂಬಿಟ್ಟಿರುವ ಬಳ್ಳಿ ಕೊಳೆಯಬಹುದು. ಎಲ್ಲವೂ ಒಂದೇ ವಾರದಲ್ಲಿ ಕೆಡುವುದು ಮಾತ್ರ ಬಹಳ ಅಪರೂಪ. ಗೆಡ್ಡೆಗಳಂತೂ ನೆಲದೊಳಗಿದ್ದು, ಮೇಲಿನದೆಲ್ಲ ಹೋದ ಮೇಲೂ ಮನೆಯವರಿಗೆ ಅನ್ನದ ಜೊತೆಯಾಗುತ್ತವೆ. ಮಳೆ ಹೇಗೆ ಬರುವುದೆಂದು ತಿಳಿಯದ ಕಾಲದಲ್ಲಿ ಬೇಸಾಯಗಾರನಿಗೆ ಇದಕ್ಕಿಂತ ಅಗ್ಗವಾದ ವಿಮೆ ಇನ್ನೊಂದಿಲ್ಲ. ಇದರ ಕಂತನ್ನು ಯಾವ ಕಂಪನಿಗೂ ಕಟ್ಟಬೇಕಾಗಿಲ್ಲ.

ಬೀಜವು ಮನೆಯಲ್ಲಿಯೇ ಇರುವುದರಿಂದ ಇನ್ನೊಂದು ಅನುಕೂಲವುಂಟು. ಬಿತ್ತಿದ್ದು ಮೊಳೆಯದೆ ಹೋದರೆ ಎರಡನೆಯ ಸಲ, ಮೂರನೆಯ ಸಲ ಬಿತ್ತುವುದಕ್ಕೆ ಅಂಗಡಿಗೆ ಓಡಬೇಕಾಗಿಲ್ಲ, ಸಾಲವನ್ನೂ ಮಾಡಬೇಕಾಗಿಲ್ಲ. ಮನೆಯಲ್ಲಿ ಮುಗಿದರೆ ನೆರೆಮನೆಯಲ್ಲಿದೆ. ನೆರೆಮನೆಯಲ್ಲಿಯೂ ಇಲ್ಲದಿದ್ದರೆ ಸಂಘದ ಇನ್ನೊಬ್ಬಳ ಡಬ್ಬಿಯಲ್ಲಿದೆ. ಇಂಥ ಸಂಘದ ನಿಜವಾದ ಆಸ್ತಿಯೆಂದರೆ ಈ ನಂಬಿಕೆಯ ಬಲೆಯೇ. ಅದನ್ನು ಒಂದು ವರ್ಷದ ಅನುದಾನದಿಂದ ನೇಯಲಾಗದು. ವರ್ಷಗಟ್ಟಲೆ ಒಂದೇ ಸೀಮೆಯಲ್ಲಿ ಕಾಲೂರಿ ನಿಂತುದರಿಂದ ಅದು ಆಗುತ್ತದೆ.

ನನ್ನ ಮಿತ್ರರ ನಗೆಗೆ ಉತ್ತರವನ್ನು ನಮ್ಮ ಕಡೆಯ ಎರೆಭೂಮಿಯಿಂದಲೇ ಕೊಡಬಹುದು. ಇಂದಿಗೂ ಹಿಂಗಾರಿಯಲ್ಲಿ ನಮ್ಮವರು ಮೆಚ್ಚಿ ಬಿತ್ತುವ ಜೋಳವು ಮಾಲದಂಡಿ. ಎಂ. ೩೫-೧ ಎಂದು ಇಲಾಖೆಯ ಪಟ್ಟಿಗಳಲ್ಲಿರುವ ಈ ತಳಿಯನ್ನು ೧೯೩೦ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದ ಕ್ಷೇತ್ರದಲ್ಲಿ, ರೈತರು ಮೊದಲಿನಿಂದ ಬಿತ್ತುತ್ತಿದ್ದ ನಾಟಿ ಮಾಲದಂಡಿಯಿಂದಲೇ ಆರಿಸಿ ತೆಗೆದರು. ಆ ನಾಟಿ ಬೀಜವನ್ನು ಅಲ್ಲಿಯ ರೈತರು ಅಷ್ಟು ದಿನ ಇಟ್ಟುಕೊಂಡಿರದಿದ್ದರೆ ಪರಿಣತರು ಆರಿಸುವುದಾದರೂ ಯಾವುದರಿಂದ? ಲಕ್ಷಾಂತರ ಎಕರೆಗೆ ಹರಡಿದ ಬೆಳೆಯ ಹಿಂದೆ ಯಾರೋ ಹೆಸರಿಲ್ಲದವರ ಹಗೇವು ಇದೆ. ಆದಕಾರಣ ಚಿಕ್ಕ ಕೆಲಸ, ದೊಡ್ಡ ಕೆಲಸ ಎಂಬ ವಿಂಗಡಣೆಯನ್ನು ಬೀಜದ ವಿಷಯದಲ್ಲಿ ಅವಸರದಿಂದ ಮಾಡಕೂಡದು.

ಹೀಗೆಂದು ಇಂಥ ಸಂಘಗಳ ಕೆಲಸದಲ್ಲಿ ತಿದ್ದಿಕೊಳ್ಳತಕ್ಕದ್ದೇನೂ ಇಲ್ಲವೆಂದು ಹೇಳುವುದು ಮುಖಸ್ತುತಿಯಾದೀತು. ಹಿತ್ತಲಿನ ಬೀಜದಲ್ಲಿ ಬೆರಕೆಯ ಭಯವು ಯಾವಾಗಲೂ ಇರುತ್ತದೆ. ಅವರೆ, ಬೀನ್ಸ್ ಮುಂತಾದುವು ಹೆಚ್ಚಾಗಿ ತಮ್ಮ ಪರಾಗದಿಂದಲೇ ಫಲಿಸುವುದರಿಂದ ಕೆಲವು ಮಾರು ದೂರದಲ್ಲಿ ಬೆಳೆದರೂ ಬಹುಮಟ್ಟಿಗೆ ಶುದ್ಧವಾಗಿಯೇ ಉಳಿಯುತ್ತವೆ. ಸೌತೆ, ಹೀರೆ, ಸೋರೆ, ಕುಂಬಳಗಳ ಸಂಗತಿ ಹಾಗಲ್ಲ. ಜೇನುನೊಣ ಮತ್ತು ಇತರ ಕೀಟಗಳು ಪರಾಗವನ್ನು ಬಹುದೂರ ಒಯ್ಯುತ್ತವೆ. ಒಂದೇ ಜಾತಿಯ ಎರಡು ಬಗೆಗಳು ಅಕ್ಕಪಕ್ಕದ ಹಿತ್ತಲುಗಳಲ್ಲಿದ್ದರೆ ನಾಲ್ಕಾರು ವರ್ಷಗಳಲ್ಲಿ ಎರಡರ ಗುಣವೂ ಕೆಡುವುದು. ಇದಕ್ಕೆ ಪರಿಹಾರ ಕಷ್ಟವಾದುದಲ್ಲ. ಕುಂಬಳ, ಸೌತೆಗಳ ಹೂ ಬೆಳಗಿನ ಜಾವದಲ್ಲಿ ಅರಳುತ್ತವೆ. ಹೀರೆ, ಸೋರೆಗಳ ಹೂ ಸಂಜೆಯ ಹೊತ್ತು. ಮಾರನೆಯ ದಿನ ಅರಳಲಿರುವ ಗಂಡು ಹೆಣ್ಣು ಹೂಗಳೆರಡನ್ನೂ ಹಿಂದಿನ ಸಂಜೆಯೇ ದಾರದಿಂದ ಮೆಲ್ಲಗೆ ಕಟ್ಟಿಟ್ಟು, ಸಂಜೆ ಅರಳುವುವನ್ನು ಅದೇ ದಿನ ಮಧ್ಯಾಹ್ನ ಕಟ್ಟಿಟ್ಟು, ಅರಳುವ ಹೊತ್ತಿಗೆ ಗಂಡುಹೂವಿನ ಪರಾಗವನ್ನು ಹೆಣ್ಣುಹೂವಿಗೆ ಮುಟ್ಟಿಸಿ, ಹೆಣ್ಣುಹೂವನ್ನು ಮತ್ತೆ ಕಟ್ಟಿ ಗುರುತಿಗೆ ಒಂದು ಬಣ್ಣದ ನೂಲು ಸುತ್ತಿದರೆ ಸಾಕು. ಆ ಕಾಯಿಯನ್ನು ಬಳ್ಳಿಯಲ್ಲಿಯೇ ಪೂರ್ತಿಯಾಗಿ ಬಲಿಯಬಿಟ್ಟು ಬೀಜ ತೆಗೆಯತಕ್ಕದ್ದು. ಬೀಜವನ್ನು ಬೂದಿಯೊಡನೆ ಬೆರಸಿಡುವ ನಮ್ಮ ಅಜ್ಜಿಯರ ಪದ್ಧತಿ ಒಳ್ಳೆಯದೇ. ಆದರೆ ಇಡುವ ಮುಂಚೆ ಹಲ್ಲಿನಲ್ಲಿ ಕಚ್ಚಿನೋಡಬೇಕು. ಹಲ್ಲು ನಾಟಿದರೆ ಇನ್ನೂ ಹಸಿ. ಕಟಕ್ಕನೆ ಒಡೆದರೆ ಒಣಗಿದೆಯೆಂದು ಅರ್ಥ. ನೂರು ಬೀಜಗಳನ್ನು ಒದ್ದೆಯ ಬಟ್ಟೆಯಲ್ಲಿ ಸುತ್ತಿಟ್ಟು ವಾರದ ಮೇಲೆ ಮೊಳಕೆಗಳನ್ನು ಎಣಿಸುವ ಪರೀಕ್ಷೆಯನ್ನು ಬಿತ್ತನೆಗೆ ಮುಂಚೆ ಪ್ರತಿಯೊಂದು ಮನೆಯಲ್ಲಿಯೂ ಮಾಡಬಹುದು. ಇಂಥ ತಿಳಿವಳಿಕೆಯನ್ನು ಕೊಡುವುದೇ ನಮ್ಮಂಥ ಇನ್ಸ್ಪೆಕ್ಟರುಗಳ ಕೆಲಸ. ಬೀಜ ಅವರದು, ಪರೀಕ್ಷೆಯ ಕ್ರಮ ಇಲಾಖೆಯದು ಎಂಬಂತೆ ನಡೆದರೆ ಎರಡು ಕಡೆಗೂ ಗೌರವ.

ಈಗ ನಮ್ಮ ಬಯಲಿನ ಸ್ಥಿತಿಯನ್ನು ನೋಡೋಣ. ಬೆಟ್ಟದವರಿಗಿಂತ ನಾವೇ ಹೆಚ್ಚು ಅಪಾಯದಲ್ಲಿರುವೆವೆಂಬುದು ನನ್ನ ಖಚಿತವಾದ ಅಭಿಪ್ರಾಯ. ರಾಯಚೂರು ಸೀಮೆಯ ಮಳೆ ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು. ಸಿರಸಿಯಲ್ಲಿ ಅದರ ನಾಲ್ಕರಷ್ಟು ಬೀಳುತ್ತದೆ. ಎಡದಂಡೆಯ ಕಾಲುವೆ ಬಂದ ಮೇಲೆ ಈ ಒಣಸೀಮೆಯಲ್ಲಿ ಬತ್ತ ಕಾಲಿಟ್ಟಿತು. ಯೋಜನೆಯನ್ನು ಹಾಕಿದವರು ಬಹುಪಾಲು ನೆಲಕ್ಕೆ ಜೋಳ, ಹತ್ತಿ ಮೊದಲಾದ ಅಲ್ಪನೀರಾವರಿಯ ಬೆಳೆಗಳನ್ನು ಉದ್ದೇಶಿಸಿ, ಬತ್ತಕ್ಕೆ ಸ್ವಲ್ಪ ಭಾಗವನ್ನು ಮಾತ್ರವೇ ಬಿಟ್ಟಿದ್ದರು. ಆದರೆ ಮೇಲ್ಭಾಗದವರು ಬತ್ತವನ್ನೇ ನೆಟ್ಟರು. ಬೆಲೆಯೂ ಅದಕ್ಕೇ ಇದ್ದಿತು. ಕೊನೆಯ ಭಾಗದ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರು ನೀರಿಗಾಗಿ ಕಾದು, ಕೂಗಿ, ಧರಣಿ ಕೂತು, ನೀರು ಬಂದರೆ ತಾವೂ ಬತ್ತವನ್ನೇ ನೆಡುತ್ತಾರೆ. ಅದರಲ್ಲಿಯೂ ಎಲ್ಲೆಲ್ಲಿಯೂ ಬಿ.ಪಿ.ಟಿ. ೫೨೦೪ ಅಥವಾ ಅದರ ಬಳಗದ ಸಣ್ಣಕ್ಕಿಯ ತಳಿಗಳೇ. ಈ ತಳಿಗೆ ಸುಮಾರು ೧೫೦ ದಿನ ಬೇಕು. ಬೆಂಕಿರೋಗಕ್ಕೂ ದುಂಡಾಣುವಿನಿಂದ ಬರುವ ಎಲೆಯ ಅಂಗಮಾರಿಗೂ ಅದು ಬೇಗ ಸಿಕ್ಕುವುದು. ಕಾಲುವೆಯು ಇಪ್ಪತ್ತು ದಿನ ಮುಂಚೆ ನಿಂತರೆ ತೆನೆ ಜೊಳ್ಳು.

೨೦೨೩ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿಸಲ್ಪಟ್ಟುವು. ಮರುವರ್ಷ ಘಟ್ಟದ ಮಳೆ ಚೆನ್ನಾಗಿ ಸುರಿದು ಜಲಾಶಯ ತುಂಬಿ ಎಲ್ಲರೂ ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ, ೨೦೨೪ರ ಆಗಸ್ಟ್ ೧೦ರ ರಾತ್ರಿ ೩೩ ಬಾಗಿಲುಗಳಲ್ಲಿ ೧೯ನೆಯದರ ಸರಪಣಿ ಕಡಿದು ಬಾಗಿಲು ಕೊಚ್ಚಿಹೋಯಿತು. ವಾರದ ತರುವಾಯ ತಾತ್ಕಾಲಿಕವಾದ ತಡೆಯನ್ನು ಇಳಿಸುವವರೆಗೆ, ಬೆಳೆಗೆ ಬರಬೇಕಾದ ನೀರು ಹೊಳೆಯಲ್ಲಿಯೇ ಹರಿದುಹೋದುದನ್ನು ಕೆಳಗಿನವರು ನೋಡುತ್ತ ನಿಂತರು. ಆಮೇಲೆ ಮತ್ತೆ ಮಳೆಯಾಗಿ ಜಲಾಶಯ ತುಂಬಿದುದು ದೈವದ ಕೃಪೆಯೆನ್ನಬೇಕು. ಆ ಒಂದು ವಾರ ಮಾನ್ವಿಯ ಕಡೆಯ ರೈತರ ಮುಖಗಳನ್ನು ನೋಡಿದವರಿಗೆ, ಒಂದು ಸರಪಣಿಗೆ ಇಷ್ಟು ಸಂಸಾರಗಳು ತೂಗುಹಾಕಿಕೊಂಡಿರುವುದು ಸರಿಯೇ ಎಂಬ ಪ್ರಶ್ನೆ ಹುಟ್ಟದೆ ಇರಲಾರದು.

ಇದಕ್ಕೆ ಬತ್ತವನ್ನೇ ಬಿಡಿರೆಂದು ನಾನು ಹೇಳುವವನಲ್ಲ. ಕೊಟ್ಟ ಸಾಲ, ಕಟ್ಟಿದ ಗಿರಣಿ, ಬಂದ ಗುತ್ತಿಗೆ ಎಲ್ಲವೂ ಬತ್ತದ ಸುತ್ತಲೇ ಇರುವಾಗ ಹಾಗೆ ಹೇಳುವುದು ಸುಲಭ, ಮಾಡುವುದು ಕಷ್ಟ. ಸಿರಸಿಯ ಮೊಗೆಕಾಯಿಯನ್ನು ತಂದು ಚೀಕಲಪರ್ವಿಯ ಬಿಸಿಲಿನಲ್ಲಿ ಬಿತ್ತಿರೆಂದೂ ಹೇಳುವುದಿಲ್ಲ. ಮಲೆಸೀಮೆಯ ಸಂಘದಿಂದ ನಾವು ತರಬೇಕಾದುದು ಬೀಜವನ್ನಲ್ಲ, ಬೀಜವನ್ನು ಇಟ್ಟುಕೊಳ್ಳುವ ಕ್ರಮವನ್ನು. ನಮ್ಮ ಮಸಾರಿ, ಎರೆಗಳಿಗೆ ಒಗ್ಗಿದ ಬಗೆಗಳು ನಮ್ಮಲ್ಲಿಯೇ ಇನ್ನೂ ಇವೆ: ನವಣೆ, ಸಜ್ಜೆ, ಮಡಿಕೆ, ಅಲಸಂದಿ, ಗುರೆಳ್ಳು, ನಾಟಿ ತೊಗರಿ, ಮನೆಮನೆಯ ಪುಂಡಿ. ಕೂರಿಗೆಯ ಬಿತ್ತನೆಯಲ್ಲಿ ಅಕ್ಕಡಿಯ ಸಾಲನ್ನು ಬಿಡುತ್ತಿದ್ದ ಮುದುಕರು ಪ್ರತಿ ಊರಿನಲ್ಲಿಯೂ ನಾಲ್ಕಾರು ಮಂದಿ ಇದ್ದಾರೆ. ಅವರ ತರುವಾಯ ಈ ಬೀಜಗಳೂ ಈ ತಿಳಿವಳಿಕೆಯೂ ಎಲ್ಲಿರುತ್ತವೆಂಬುದನ್ನು ಈಗಲೇ ನಿಶ್ಚಯಿಸಬೇಕಾಗಿದೆ.

ನಮ್ಮ ಜಿಲ್ಲೆಗೆ ಚಿಕ್ಕ ಸಂಸ್ಥೆಗಳ ಪರಿಚಯವಿಲ್ಲದೆ ಇಲ್ಲ. ದೇವದುರ್ಗ ತಾಲ್ಲೂಕಿನಲ್ಲಿ ೧೯೮೦ರ ದಶಕದಿಂದ “ಸಮೂಹ” ಎಂಬ ಸಂಸ್ಥೆಯು ಹಳ್ಳಿಗರ ನಡುವೆ ಕೆಲಸ ಮಾಡಿದೆ. ಇಂಥವರಿಗೂ ಸರ್ಕಾರಕ್ಕೂ ಇರುವ ಸಂಬಂಧದಲ್ಲಿಯೇ ನನಗೆ ಒಂದು ಕೊರತೆ ಕಾಣುತ್ತದೆ. ನಮ್ಮ ಯೋಜನೆಗಳು ಹೆಕ್ಟೇರಿನ ಲೆಕ್ಕದವು. ಐದು ವರ್ಷಕ್ಕೆ ಇಷ್ಟು ಹೆಕ್ಟೇರು, ಇಷ್ಟು ಹಣ. ಮುಗಿದೊಡನೆ ಕಡತ ಕಟ್ಟಿ ಕಪಾಟಿಗೆ. ಹಿತ್ತಲಿಗೆ ಹೆಕ್ಟೇರಿಲ್ಲ, ಬೀಜದ ಡಬ್ಬಿಗೆ ಐದು ವರ್ಷದ ಅವಧಿಯೂ ಸಾಲದು. ಚಿಕ್ಕ ಸಂಘಕ್ಕೆ ಒಮ್ಮೆಗೇ ಇಪ್ಪತ್ತು ಲಕ್ಷ ಕೊಟ್ಟರೆ ಅದು ಜೀಪು ಕೊಂಡು ಕೆಡುವುದು. ವರ್ಷಕ್ಕೆ ಒಂದು ಲಕ್ಷದಂತೆ ಇಪ್ಪತ್ತು ವರ್ಷ ಕೊಟ್ಟರೆ ಒಂದು ಸೀಮೆಯನ್ನೇ ಕಾಪಾಡುವುದು. ಮೊತ್ತ ಒಂದೇ. ಈ ಸರಳವಾದ ಅಂಕಗಣಿತವನ್ನು ನಮ್ಮ ಹಣಕಾಸಿನ ನಿಯಮಗಳು ಒಪ್ಪುವುದಿಲ್ಲವೆಂಬುದನ್ನು ಬಲ್ಲೆನು. ನಿಯಮಗಳನ್ನು ಮಾಡಿದವರು ಬದಲಿಸಲೂ ಬಲ್ಲರು.

ಹೊಸ ಕಾನೂನೇನೂ ಬೇಕಾಗಿಲ್ಲ. ೨೦೦೧ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ೩೯ನೆಯ ಪ್ರಕರಣವು, ರೈತನು ತನ್ನ ಬೀಜವನ್ನು ಉಳಿಸಲು, ಮತ್ತೆ ಬಿತ್ತಲು, ಬದಲಾಯಿಸಿಕೊಳ್ಳಲು, ಹಂಚಲು, ಮುದ್ರೆಯ ಹೆಸರಿಲ್ಲದೆ ಮಾರಲು ಸಹ ಹಕ್ಕುಳ್ಳವನೆಂದು ಸ್ಪಷ್ಟವಾಗಿ ಹೇಳುತ್ತದೆ. ಬೀಜವನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವೋ ಏನೋ ಎಂದು ನನ್ನನ್ನು ಕೇಳಿದ ರೈತರಿದ್ದಾರೆ; ಅವರಿಗೆ ಆ ಭಯ ಬೇಡ. ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ ೧೦,೦೦೦ ರೂಪಾಯಿ ಉತ್ತೇಜನ ಕೊಡುವ “ರೈತಸಿರಿ” ಯೋಜನೆಯು ೨೦೧೯ರಲ್ಲಿ ಪ್ರಕಟವಾಯಿತು. ಬೆಳೆದವನಿಗೆ ಹಣ ಕೊಟ್ಟಂತೆ, ಬೀಜ ಉಳಿಸಿದವಳಿಗೂ ಅದರ ಹತ್ತರಲ್ಲೊಂದು ಪಾಲು ಕೊಡುವ ದಾರಿಯನ್ನು ಹುಡುಕಬಹುದು. ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ಗೊಬ್ಬರದ ಚೀಲಗಳ ಪಕ್ಕದಲ್ಲಿ ಒಂದು ಬೀರುವನ್ನು ಊರಿನ ಬೀಜಗಳಿಗೆ ಮೀಸಲಿಟ್ಟು, ರೋಹಿಣಿಗೆ ಮುಂಚೆ ಒಂದು ದಿನ ಬದಲಾವಣೆಯ ಸಂತೆಯನ್ನು ನಡೆಸಿದರೆ ಖರ್ಚು ಎಷ್ಟಾದೀತು? ಚಹದ ಖರ್ಚು. ಆ ಬೀರುವಿನ ಕೀಲಿಕೈ ಮಾತ್ರ ನಮ್ಮ ನೌಕರರ ಕೈಯಲ್ಲಿರದೆ ಊರಿನ ಹೆಂಗಸರ ಸ್ವಸಹಾಯ ಸಂಘದ ಕೈಯಲ್ಲಿರುವುದು ಲೇಸು. ವರ್ಗಾವಣೆಯಾಗುವವರಿಗೆ ಬೀಜದ ನೆನಪು ಉಳಿಯುವುದಿಲ್ಲ.

ಈ ವರ್ಷ ಯಾರಾದರೂ ಮೊದಲುಮಾಡಬೇಕೆಂದಿದ್ದರೆ ಹಿಂಗಾರಿಯ ಜೋಳದಿಂದಲೇ ಮಾಡಬಹುದು. ರಾಶಿ ಮಾಡಿದ ಮೇಲೆ ಚೀಲದಿಂದ ಬೀಜವನ್ನು ತೆಗೆಯತಕ್ಕದ್ದಲ್ಲ. ಕೊಯ್ಲಿಗೆ ಹತ್ತು ದಿನ ಮುಂಚೆ, ಹೊಲದ ಅಂಚಿನ ನಾಲ್ಕು ಸಾಲುಗಳನ್ನು ಬಿಟ್ಟು ಒಳಗೆ ಹೋಗಿ, ನೆರೆಯ ಗಿಡಗಳಷ್ಟೇ ತೇವದಲ್ಲಿ ನಿಂತಿದ್ದರೂ ದಂಟು ಬೀಳದೆ ತೆನೆ ತುಂಬಿದ ಗಿಡಗಳನ್ನು ಆರಿಸಿ, ಬಟ್ಟೆಯ ಚೂರನ್ನು ಕಟ್ಟಿ ಗುರುತು ಮಾಡಬೇಕು. ಒಂದೇ ಗಿಡದಿಂದ ತೆಗೆಯದೆ ಕಡಮೆಯೆಂದರೆ ನೂರು ಗಿಡಗಳಿಂದ ತೆಗೆದು ಬೆರಸಬೇಕು. ತೆನೆಗಳನ್ನು ನೆರಳಿನಲ್ಲಿ ಒಣಗಿಸಿ, ಕೋಲಿನಿಂದ ಬಡಿಯದೆ ಕೈಯಿಂದಲೇ ಬಿಡಿಸಿ, ಬೇವಿನ ಎಲೆಯೊಡನೆ ಮಣ್ಣಿನ ಗಡಿಗೆಯಲ್ಲಿಟ್ಟು ಬಾಯನ್ನು ಮೆತ್ತತಕ್ಕದ್ದು. ಗಡಿಗೆಯ ಮೇಲೆ ವರ್ಷವನ್ನೂ ಹೊಲದ ಹೆಸರನ್ನೂ ಆ ವರ್ಷ ಎಷ್ಟು ಮಳೆಯಾಯಿತೆಂಬುದನ್ನೂ ಬರೆಯಿರಿ. ಮಳೆಯ ಅಳತೆಯನ್ನು ಗ್ರಾಮಪಂಚಾಯಿತಿಗಳಲ್ಲಿ ನೆಟ್ಟಿರುವ ಮಳೆಮಾಪಕಗಳಿಂದ ತಿಳಿಯಬಹುದಾಗಿದೆ.